ಜಾಯಿನ್‌ಗೆ ‘ಜೋಡಣೆ’ ಆಗಬಹುದು, ‘ನಿಯರ್’ಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗ ಹುಡುಗಿಯರಿಗೆ ಡೇಟಾಬೇಸ್ ಹೇಳಿಕೊಡುತ್ತೇನೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯಿಂದ ಬಂದವರು, ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬರೆಯುವಾಗ ಬರುವ ತಪ್ಪುಸೂಚನೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ನಾಲ್ಕು ಹಾಳೆ ಅವರಿಗಾಗಿ ಸಿದ್ಧಮಾಡುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಈ ಮಕ್ಕಳು ತಪ್ಪನ್ನು ಹೆಸರಿನಿಂದ ಗುರುತಿಸುವುದಿಲ್ಲ, ಅಂಕಿಯಿಂದ ಗುರುತಿಸುತ್ತಾರೆ. “ಮೇಡಂ, 1064 ಬಂತು.” “ನಂದು 1052 ರೀ.” ನಾವು ಬಳಸುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನಲ್ಲಿ ಮೊದಲನೆಯದು ಸಿಂಟ್ಯಾಕ್ಸ್ ತಪ್ಪು, ಅಂದರೆ ವಾಕ್ಯ ಕಟ್ಟಿದ ರೀತಿಯ ತಪ್ಪು; ಎರಡನೆಯದು, ಬರೆದ ಕಾಲಂ ಯಾವ ಕೋಷ್ಟಕದ್ದೆಂದು ತಿಳಿಯದ ತಪ್ಪು. ಅಂಕಿ ಕೇಳಿದರೆ ಎಲ್ಲಿ ಹುಡುಕಬೇಕೆಂದು ತೋಚುವುದಿಲ್ಲ. ಕನ್ನಡದ ಪದ ಕಿವಿಗೆ ಬಿದ್ದ ಕೂಡಲೇ ಕಣ್ಣು ಸರಿಯಾದ ಜಾಗಕ್ಕೆ ಹೋಗಬೇಕು. ಪದ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾನು ಅಳೆಯುವುದು ಅದರಿಂದಲೇ.

ಮೊದಲು ಜಾಯಿನ್, ಅಂದರೆ ಎರಡು ಕೋಷ್ಟಕಗಳ ಸಾಲುಗಳನ್ನು ಹೊಂದಿಸಿ ಒಟ್ಟಿಗೆ ತೋರಿಸುವುದು. ಕೋಷ್ಟಕಗಳ ಡೇಟಾಬೇಸ್ ಎಂಬ ಕಲ್ಪನೆಯನ್ನು ಮುಂದಿಟ್ಟು 1970ರಲ್ಲಿ ಎಡ್ಗರ್ ಕಾಡ್ ಬರೆದ ಮೂಲ ಲೇಖನದಲ್ಲೇ ಈ ಪದ ಇದೆ. ನಮ್ಮ ಪಾಠದಲ್ಲಿ ಎರಡು ಕೋಷ್ಟಕ ಇಟ್ಟುಕೊಂಡಿದ್ದೇವೆ: ಒಂದು ‘ರೈತ’, ಇನ್ನೊಂದು ಅವರು ತಂದ ಮೆಕ್ಕೆಜೋಳದ ‘ತೂಕ’. ರೈತನ ಐಡಿ ಎರಡರಲ್ಲೂ ಇರುವುದರಿಂದ ಸಾಲಿಗೆ ಸಾಲು ಹೊಂದಿಸಿ ಓದಬಹುದು. ಇದಕ್ಕೆ ‘ಕೂಡಿಸು’ ಎಂದೆ. ಮಕ್ಕಳು ಕ್ವಿಂಟಲ್‌ಗಳ ಮೊತ್ತ ಹಾಕಲು ಹೊರಟರು. ಅವರ ತಪ್ಪಲ್ಲ, ಕೂಡುವುದು ಕಳೆಯುವುದು ಎಂದೇ ಅವರು ಕಲಿತಿರುವುದು. ‘ವಿಲೀನ’ ಎಂದರೆ ಎರಡು ಬ್ಯಾಂಕು ಒಂದಾಗಿ ಒಂದರ ಹೆಸರು ಅಳಿದ ಹಾಗೆ. ಇಲ್ಲಿ ಯಾವ ಕೋಷ್ಟಕವೂ ಅಳಿಯುವುದಿಲ್ಲ. ‘ಸಂಧಿ’ ಎಂಬ ಸಲಹೆಯೂ ಬಂತು. ಆದರೆ ಸಂಧಿಯಲ್ಲಿ ಲೋಪ, ಆಗಮ, ಆದೇಶ ಎಂದು ಅಕ್ಷರವೇ ಮಾರ್ಪಡುತ್ತದೆ. ಜಾಯಿನ್ ಮೂಲವನ್ನು ಮುಟ್ಟುವುದೇ ಇಲ್ಲ.

ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಮಗ್ಗದ ಒಂದು ಪದ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆ ನಿಮಗೆಲ್ಲ ಗೊತ್ತಿರುವುದೇ. ಮಗ್ಗದಲ್ಲಿ ಹಳೆಯ ಹಾಸು (ಉದ್ದಕ್ಕೆ ಹಿಡಿದ ಎಳೆಗಳು) ಮುಗಿಯುತ್ತಾ ಬಂದಾಗ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಅದು ‘ಕೆಚ್ಚುವುದು’. ಯಾವ ಎಳೆಗೆ ಯಾವ ಎಳೆ ಎಂಬುದು ತಪ್ಪಿದರೆ ಸೀರೆಯೇ ಕೆಡುತ್ತದೆ. ಎಷ್ಟು ಹತ್ತಿರದ ಹೋಲಿಕೆ! ಆದರೂ ಕೈಬಿಟ್ಟೆ. ಕೆಚ್ಚುವಾಗ ಒಂದು ಎಳೆಗೆ ಒಂದೇ ಎಳೆ. ಜಾಯಿನ್‌ನಲ್ಲಿ ಒಬ್ಬ ರೈತ ಐದು ಸಲ ಜೋಳ ತಂದಿದ್ದರೆ ಅವನ ಹೆಸರು ಐದು ಸಾಲಿನಲ್ಲಿ ಬರುತ್ತದೆ. ಜೊತೆಗೆ, ‘ಕೆಚ್ಚು’ ಎಂದರೆ ಮಕ್ಕಳಿಗೆ ಮರದ ತಿರುಳೋ ಎದೆಗಾರಿಕೆಯೋ ನೆನಪಾಗುತ್ತದೆ.

ಹಾಗಾಗಿ ‘ಜೋಡಣೆ’ಗೆ ಬಂದು ನಿಂತಿದ್ದೇನೆ. ಪಡಿತರ ಚೀಟಿಗೆ ಆಧಾರ್ ಜೋಡಣೆ ಮಾಡಿಸದ ಮನೆ ಇಲ್ಲ; ಎರಡು ದಾಖಲೆ ಬೇರೆಬೇರೆ ಇದ್ದುಕೊಂಡೇ ಒಂದು ಸಂಖ್ಯೆಯಿಂದ ಹೊಂದಿಕೊಳ್ಳುತ್ತವೆ ಎಂಬುದು ಮಕ್ಕಳಿಗೆ ಹೇಳಬೇಕಾಗಿಯೇ ಇಲ್ಲ. “ಯಾವ ನಂಬರಿನ ಮೇಲೆ ಜೋಡಿಸಬೇಕು?” ಎಂದು ಅವರೇ ಕೇಳಿದರು. ಯಾವ ಕಾಲಂ ಮೇಲೆ ಹೊಂದಿಸಬೇಕೆಂದು ಹೇಳುವ ‘ಆನ್’ ಎಂಬುದರ ಕೆಲಸ ಆ ಪ್ರಶ್ನೆಯಲ್ಲೇ ಇದೆ.

1052ರ ತಪ್ಪಿಗೆ ‘ಅಸ್ಪಷ್ಟ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡು ಕೋಷ್ಟಕದಲ್ಲೂ ‘ಐಡಿ’ ಇದ್ದು, ನಾವು ಬರೀ ‘ಐಡಿ’ ಎಂದು ಬರೆದಾಗ ಈ ತಪ್ಪು ಬರುತ್ತದೆ. ಹೆಸರು ಸ್ಪಷ್ಟವಾಗಿಯೇ ಇದೆ, ಆ ಹೆಸರಿನವರು ಇಬ್ಬರಿದ್ದಾರೆ ಅಷ್ಟೆ. ‘ಸಂದಿಗ್ಧ’ ಎಂದರೆ ಸರಿಹೋಗುತ್ತದೆ, ಆದರೆ ಈಗಿನ ಮಕ್ಕಳಿಗೆ ಅದು ಇಕ್ಕಟ್ಟು ಎಂಬ ಅರ್ಥದಲ್ಲೇ ಪರಿಚಯ. ತರಗತಿಯಲ್ಲಿ ಇಬ್ಬರು ಬಸವರಾಜರಿದ್ದರೆ “ಹರಿಹರದ ಬಸವರಾಜನೋ, ಹೊನ್ನಾಳಿ ಬಸವರಾಜನೋ?” ಎಂದು ಊರು ಸೇರಿಸಿ ಕೇಳುತ್ತೇವಲ್ಲ; ಹಾಗೆ ‘ರೈತ’ ಎಂದು ಮುಂದಿಟ್ಟು, ಚುಕ್ಕೆ ಹಾಕಿ, ‘ಐಡಿ’ ಎಂದು ಬರೆದರೆ ತಪ್ಪು ಹೋಗುತ್ತದೆ. ‘ಯಾವುದೆಂದು ತಿಳಿಯದ ಹೆಸರು’ ಎಂದು ಉದ್ದವಾಗಿಯೇ ಬರೆದುಬಿಡಲೇ?

ಸಿಂಟ್ಯಾಕ್ಸ್ ತಪ್ಪಿಗೆ ‘ವ್ಯಾಕರಣ ದೋಷ’ ಎನ್ನುವುದು ರೂಢಿ. ಇದರಲ್ಲೊಂದು ತೊಡಕಿದೆ. ‘ಹುಡುಗ ಹಣ್ಣನ್ನು ತಿಂದ’ ಎಂದರೂ ‘ಹಣ್ಣನ್ನು ಹುಡುಗ ತಿಂದ’ ಎಂದರೂ ಕನ್ನಡದಲ್ಲಿ ನಡೆಯುತ್ತದೆ, ವಿಭಕ್ತಿ ಅರ್ಥವನ್ನು ಕಾಯುತ್ತದೆ. ಎಸ್‌ಕ್ಯೂಎಲ್‌ಗೆ ವಿಭಕ್ತಿ ಇಲ್ಲ, ಪದದ ಸ್ಥಾನವೇ ಅದರ ವಿಭಕ್ತಿ. ಕೋಷ್ಟಕವನ್ನು ಹೆಸರಿಸುವ ಫ್ರಮ್, ಆಮೇಲೆ ಜಾಯಿನ್, ಆನ್, ಅದಾದ ಮೇಲೆ ಷರತ್ತು ಹೇಳುವ ವೇರ್. ವೇರ್ ಮೊದಲು ಬಂದು ಜಾಯಿನ್ ಆಮೇಲೆ ಬಂದರೆ ಅರ್ಥ ಎಷ್ಟೇ ತಿಳಿಯಾಗಿದ್ದರೂ 1064. ‘ಪದಕ್ರಮ ದೋಷ’ ಎನ್ನೋಣವೆಂದರೆ ಬಿಟ್ಟುಹೋದ ಆವರಣ ಚಿಹ್ನೆ ಅದರಲ್ಲಿ ಸೇರುವುದಿಲ್ಲ. ಸದ್ಯಕ್ಕೆ ‘ವಾಕ್ಯರಚನೆ ತಪ್ಪು’ ಎಂದಿಟ್ಟಿದ್ದೇನೆ. ಅಲ್ಪವಿರಾಮ ಬಿಟ್ಟರೆ ಹಲವು ಸಲ ತಪ್ಪೇ ತೋರುವುದಿಲ್ಲ: ‘ಹೆಸರು’, ‘ಕ್ವಿಂಟಲ್’ ನಡುವೆ ಅದು ಇಲ್ಲದಿದ್ದರೆ ಎರಡನೆಯದು ಮೊದಲನೆಯದರ ಅಡ್ಡಹೆಸರಾಗಿ, ಕ್ವಿಂಟಲ್ ಎಂಬ ತಲೆಬರಹದ ಕೆಳಗೆ ರೈತರ ಹೆಸರುಗಳು ಬಂದು ಕೂರುತ್ತವೆ. ಏಲಿಯಾಸ್‌ಗೆ ಅಡ್ಡಹೆಸರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾಹಿತಿಯೇ ದಾಖಲಾಗಿಲ್ಲ ಎಂದು ಸೂಚಿಸುವ ನಲ್ ಎಂಬುದನ್ನು ದಯವಿಟ್ಟು ಯಾರೂ ‘ಶೂನ್ಯ’ ಎನ್ನಬೇಡಿ. ಸೊನ್ನೆ ಕ್ವಿಂಟಲ್ ತಂದವನೂ ತೂಕವೇ ದಾಖಲಾಗದವನೂ ಒಂದೇ ಅಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡುತ್ತಿರುವ ಪದ. 1064ರ ಸೂಚನೆಯಲ್ಲಿ ‘ನಿಯರ್’ ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ನಮ್ಮ ವಾಕ್ಯದ ತುಂಡೊಂದನ್ನು ತೋರಿಸುತ್ತದೆ. ‘ಹತ್ತಿರ’ ಎಂದು ಅನುವಾದಿಸಿದೆ. ಮಕ್ಕಳು ಆ ತುಂಡಿನೊಳಗೇ ತಪ್ಪು ಹುಡುಕುತ್ತಾ ಅರ್ಧ ಗಂಟೆ ಕಳೆದರು. ಆದರೆ ಆ ತುಂಡು ಶುರುವಾಗುವುದು ಮೈಎಸ್‌ಕ್ಯೂಎಲ್‌ನ ಓದು ಮುಂದೆ ಸಾಗದೆ ನಿಂತ ಪದದಿಂದ. ತಪ್ಪು ಸಾಮಾನ್ಯವಾಗಿ ಅದಕ್ಕೆ ತುಸು ಮೊದಲೇ ಆಗಿರುತ್ತದೆ. ಜಾಯಿನ್‌ನ ಒಂದು ಬಗೆಯಾದ ಲೆಫ್ಟ್ ಜಾಯಿನ್ ಬರೆದು ಕೊನೆಯಲ್ಲಿ ಆನ್ ಹಾಕುವುದನ್ನು ಮರೆತರೆ ಉದ್ಧರಣ ಚಿಹ್ನೆಯೊಳಗೆ ಏನೂ ಇರುವುದಿಲ್ಲ, ಏಕೆಂದರೆ ವಾಕ್ಯವೇ ಅಲ್ಲಿಗೆ ಮುಗಿದಿದೆ. ಜಗಳೂರಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಏನೂ ಇಲ್ಲದ್ದರ ಹತ್ತಿರ ಅಂದ್ರೆ ಎಲ್ಲಿ ರೀ?”

‘ಬಳಿ’, ‘ಸಮೀಪ’, ‘ಆಸುಪಾಸು’ ಯಾವುದನ್ನು ಹಾಕಿದರೂ ಅವಳ ಪ್ರಶ್ನೆ ಹಾಗೇ ಉಳಿಯುತ್ತದೆ. ಕೊನೆಗೆ ಕ್ರಿಯಾಪದಕ್ಕೆ ಹೊರಳಿದೆ: ‘ಇಲ್ಲಿ ಬಿತ್ತು, ಎಡವಿದ್ದು ಇದಕ್ಕೂ ಮೊದಲು.’ ವಾಕ್ಯ ಬಿದ್ದ ಜಾಗದಿಂದ ಹುಡುಗಿ ಹಿಂದಕ್ಕೆ ಓದಿ, ಆನ್ ಇಲ್ಲದ್ದನ್ನು ತಾನೇ ಕಂಡುಕೊಂಡಳು. ಆದರೆ ಇದು ವಾಕ್ಯ, ಪದವಲ್ಲ. ಸೂಚನೆಯೊಳಗೆ ಕೂರುವಷ್ಟು ಚಿಕ್ಕದಾಗಬೇಕು. ‘ಎಡವು’ ಧಾತುವಿನಿಂದ ಆ ಜಾಗವನ್ನು ಹೇಳುವ ನಾಮಪದ ನಿಮ್ಮ ಕಡೆಯ ಮಾತಿನಲ್ಲಿ ಏನಾದರೂ ಇದೆಯೇ? ಬಂಡಿಯ ದಾರಿ, ಉಳುಮೆ, ನೇಯ್ಗೆ, ಯಾವುದರದ್ದಾದರೂ ಸರಿ, ಬಳಸುವ ಊರನ್ನೂ ಬಳಸುವ ವಾಕ್ಯವನ್ನೂ ಸೇರಿಸಿ ಬರೆಯಿರಿ.