ಓಹಾಯೋದಿಂದ ಮೇನ್‌ವರೆಗೆ ಸೌದೆ ಹೇರಿಕೊಂಡು ಹೋಗಿ ದಾರಿಯಲ್ಲಿ ಮಾರಬಹುದೇ?

ಹೊಸ ಕೊಡಲಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಓಹಾಯೋದಲ್ಲಿ, ಸಿನ್ಸಿನಾಟಿಯ ಪೂರ್ವಕ್ಕೆ. ಹಿತ್ತಿಲಲ್ಲಿ ಒಣಗಿ ನಿಂತಿದ್ದ ಎರಡು ಆ್ಯಶ್ ಮರ ಮತ್ತು ಗಾಳಿಗೆ ಬಿದ್ದ ಒಂದು ರೆಡ್ ಓಕ್ ಕೊಯ್ಸಿ, 16 ಇಂಚಿನ ತುಂಡು ಮಾಡಿ, ಸೀಳಿ ಒಟ್ಟಿದೆ. ಅಕ್ಟೋಬರ್‌ನಲ್ಲಿ ಮನೆಮಂದಿಯೆಲ್ಲ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ವರ್ಮಾಂಟ್ ದಾಟಿ ಮೇನ್‌ನ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿದ್ದೇವೆ. ಹಾಫ್-ಟನ್ ಎಂದು ಕರೆಯುವ ವರ್ಗದ ಪಿಕಪ್ ಇದೆ, 5×8 ಅಡಿಯ ಒಂದು ಆ್ಯಕ್ಸಲ್ ಟ್ರೇಲರ್ ಇದೆ. ಸೌದೆಯನ್ನು ಸಣ್ಣ ಸಣ್ಣ ಕಟ್ಟು ಮಾಡಿ ಕ್ಯಾಂಪ್‌ಗ್ರೌಂಡ್‌ಗಳ ಹತ್ತಿರ ಮಾರಿದರೆ ಪೆಟ್ರೋಲ್ ಖರ್ಚಾದರೂ ಹುಟ್ಟುತ್ತದೆ ಎಂಬ ಲೆಕ್ಕ. ಮೂರು ಪ್ರಶ್ನೆ: ಕಾನೂನಿನ ತೊಡಕು ಏನಾದರೂ ಇದೆಯೇ? ಒಂದು ಸಲಕ್ಕೆ ಎಷ್ಟು ಹೇರಬಹುದು? ಕಟ್ಟು ಎಷ್ಟು ದೊಡ್ಡದಿರಬೇಕು?

ತೊಗಟೆಯ ಕೆಳಗೆ:

ಮೊದಲ ಪ್ರಶ್ನೆಯ ಉತ್ತರವೇ ಉಳಿದೆರಡನ್ನು ನುಂಗಿಹಾಕುತ್ತದೆ. ಈ ದಾರಿಯಲ್ಲಿ ಈ ಸೌದೆ ಒಯ್ಯುವಂತಿಲ್ಲ.

ನ್ಯೂಯಾರ್ಕ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಈ ನಾಲ್ಕೂ ರಾಜ್ಯಗಳು ಹೊರಗಿನ ಸೌದೆಯನ್ನು ಶಾಖ ಸಂಸ್ಕರಣೆ (ಒಳಗಿನ ಹುಳು ಸಾಯುವಷ್ಟು ಕಾಯಿಸುವುದು) ಆಗಿರದಿದ್ದರೆ ಒಳಗೆ ಬಿಡುವುದಿಲ್ಲ. ಮಾರುವುದಕ್ಕಲ್ಲ, ನಮ್ಮದೇ ಕ್ಯಾಂಪ್‌ಫೈರ್‌ಗೆ ಎಂದರೂ ಅದೇ ನಿಯಮ. ನ್ಯೂಯಾರ್ಕ್ ಇನ್ನೂ ಬಿಗಿ: ಅಲ್ಲಿಯದೇ ಸೌದೆಯಾದರೂ ಸಂಸ್ಕರಿಸದೆ 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ, ಎಲ್ಲಿ ಕಡಿದದ್ದು ಎಂಬ ಚೀಟಿಯೂ ಜೊತೆಗಿರಬೇಕು. ಮೇನ್‌ಗೆ ಯಾರಾದರೂ ತಿಳಿಯದೆ ತಂದುಬಿಟ್ಟಿದ್ದರೆ 24 ಗಂಟೆಯೊಳಗೆ ಪೂರ್ತಿ ಸುಟ್ಟುಬಿಡಿ ಎನ್ನುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ನಿಮ್ಮ ಆ್ಯಶ್ ಮರಗಳೇ ಉತ್ತರ. ನಿಂತಲ್ಲೇ ಒಣಗಿದ್ದವು ಎಂದಿರಿ. ಓಹಾಯೋದಲ್ಲಿ ಆ್ಯಶ್ ಹಾಗೆ ಒಣಗಿದರೆ ಮೊದಲ ಅನುಮಾನ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಮರ ಕೊರೆಯುವ ದುಂಬಿಯ ಮೇಲೆಯೇ. ಒಂದು ತುಂಡಿನ ತೊಗಟೆ ಎಬ್ಬಿಸಿ ನೋಡಿ. ಒಳಗೆ ಹಾವಿನಂತೆ ಅಂಕುಡೊಂಕಾದ, ಪುಡಿ ತುಂಬಿದ ಜಾಡುಗಳು ಕಂಡರೆ ಅದು ಮರಿಹುಳು ತಿಂದು ಹೋದ ದಾರಿ. ಹೊರಮೈಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ, ಸುಮಾರು 3 ಮಿಲಿಮೀಟರ್ ಅಗಲದ ತೂತುಗಳಿದ್ದರೆ ದುಂಬಿ ಹೊರಬಿದ್ದದ್ದು ಅಲ್ಲಿಂದ. ತೂತು ಇಲ್ಲದಿದ್ದರೆ ಮರ ಶುದ್ಧ ಎಂದಲ್ಲ, ಹುಳು ಇನ್ನೂ ಒಳಗೇ ಇರಬಹುದು. ಇದರ ಜೀವನಚಕ್ರ ಒಂದರಿಂದ ಎರಡು ವರ್ಷ. ಮರ ಕಡಿದರೂ, ಸೀಳಿದರೂ, ತೊಗಟೆಯಡಿ ಬದುಕುಳಿದ ಹುಳು ಮುಂದಿನ ಬೇಸಿಗೆಯ ಆರಂಭಕ್ಕೆ ದುಂಬಿಯಾಗಿ ಹೊರಗೆ ಬರುತ್ತದೆ. ಆಗ ಆ ತುಂಡು ಎಲ್ಲಿದೆಯೋ ಅಲ್ಲಿಯ ಆ್ಯಶ್ ಮರಗಳಿಗೆ ಗಂಡಾಂತರ. ತಾನಾಗಿ ಹಾರಿದರೆ ಕೆಲವೇ ಮೈಲಿ ಹೋಗುವ ಕೀಟ ಇದು, ಒಂದೇ ವಾರಾಂತ್ಯದಲ್ಲಿ ನೂರಾರು ಮೈಲಿ ದಾಟುವುದು ನಮ್ಮ ಗಾಡಿಗಳಲ್ಲಿ.

2002ರಲ್ಲಿ ಡೆಟ್ರಾಯಿಟ್ ಬಳಿ ಇದು ಪತ್ತೆಯಾದ ಮೇಲೆ ಕೇಂದ್ರ ಸರ್ಕಾರದ ಕ್ವಾರಂಟೈನ್ (ಕೀಟ ಇರುವ ಪ್ರದೇಶದಿಂದ ಮರ ಹೊರಗೊಯ್ಯದಂತೆ ನಿರ್ಬಂಧ) ಇತ್ತು. ಅದನ್ನು 2021ರ ಜನವರಿಯಲ್ಲಿ ತೆಗೆದರು. ‘ಈಗ ನಿಯಮವೇ ಇಲ್ಲ’ ಎಂದು ಹಲವರು ಹೇಳುವುದು ಇದನ್ನು ನೋಡಿ. ಹೋದದ್ದು ಕೇಂದ್ರದ ನಿಯಮ, ರಾಜ್ಯಗಳ ಸೌದೆ ನಿಯಮಗಳು ಹಾಗೇ ಇವೆ.

ಇನ್ನೊಂದು ವಿಷಯವನ್ನು ಇವತ್ತೇ ನೋಡಿಕೊಳ್ಳಿ. ಸಿನ್ಸಿನಾಟಿಯ ಪೂರ್ವ ಎಂದರೆ ಕ್ಲರ್ಮಾಂಟ್ ಕೌಂಟಿಯ ಕಡೆಯೇ? 2011ರಲ್ಲಿ ಅಲ್ಲಿಯ ಟೇಟ್ ಟೌನ್‌ಶಿಪ್‌ನಲ್ಲಿ ಏಷ್ಯನ್ ಲಾಂಗ್‌ಹಾರ್ನ್ಡ್ ಬೀಟಲ್ ಎಂಬ ಇನ್ನೊಂದು ಮರ ಕೊರೆಯುವ ದುಂಬಿ ಸಿಕ್ಕಿತು. ಆ ಸುತ್ತಿನ ಕ್ವಾರಂಟೈನ್ ಕೇಂದ್ರದ್ದು. ಗಡಿ ಆಗಾಗ ಬದಲಾಗುತ್ತದೆ, ಓಹಾಯೋ ಕೃಷಿ ಇಲಾಖೆಯ ನಕ್ಷೆಯಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಗಡಿಯೊಳಗೆ ಬಿದ್ದರೆ ಸೌದೆಯ ಮಟ್ಟಿಗೆ ಎಲ್ಲ ಗಟ್ಟಿಮರವೂ ನಿಯಮದೊಳಗೇ, ಓಕ್ ಕೂಡ. ಮೇನ್ ಹಾಗಿರಲಿ, ಗಡಿಯಾಚೆಯ ಪಕ್ಕದ ಊರಿಗೂ ಒಯ್ಯುವಂತಿಲ್ಲ.

ಹಿಚ್ ಮತ್ತು ಹಗ್ಗ:

ಮೇಲಿನವರು ಹೇಳಿದ್ದೇ ಕೊನೆಯ ಮಾತು. ಆದರೂ ಹೊರೆಯ ಲೆಕ್ಕ ಹಾಕಿಬಿಡೋಣ. ಊರೊಳಗೇ ಮಾರಿದರೂ ಇದೇ ಲೆಕ್ಕ ಬೇಕಾಗುತ್ತದೆ, ಹೆಚ್ಚಿನವರು ಎಡವುವುದೂ ಇಲ್ಲೇ.

ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ. ಒಂದು ಕಾರ್ಡ್ ಎಂದರೆ 4×4×8 ಅಡಿ, 128 ಘನ ಅಡಿ, ಅದೂ ಒಪ್ಪವಾಗಿ ಒಟ್ಟಿದಾಗ. ಹಸಿ ರೆಡ್ ಓಕ್ ಕಾರ್ಡ್‌ಗೆ ಸುಮಾರು 5,000 ಪೌಂಡ್, ಚೆನ್ನಾಗಿ ಒಣಗಿದ್ದು 3,500–3,600. ನಿಮ್ಮ ತರಹದ 5×8 ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಒಟ್ಟು ತೂಕದ ಮಿತಿ 2,990 ಪೌಂಡ್. ಖಾಲಿ ಟ್ರೇಲರೇ 700 ಎಂದಿಟ್ಟುಕೊಂಡರೆ ಉಳಿಯುವುದು 2,290. ಎರಡು ಅಡಿ ಎತ್ತರದ ಪಕ್ಕಹಲಗೆ ಹಾಕಿ ಅಂಚಿನವರೆಗೆ ಒಟ್ಟಿದರೆ 80 ಘನ ಅಡಿ, ಅಂದರೆ ಮುಕ್ಕಾಲಿಗೂ ಕಡಿಮೆ, 0.625 ಕಾರ್ಡ್. ಒಣ ಓಕ್ ಆದರೆ 2,250 ಪೌಂಡ್, ಮಿತಿಗೆ ತಾಗಿ ನಿಲ್ಲುತ್ತದೆ. ಹಸಿ ಓಕ್ ಆದರೆ 3,100 ದಾಟುತ್ತದೆ, 800 ಪೌಂಡ್ ಹೆಚ್ಚು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಟೈರಿಗೆ ಮಾತ್ರ ಗೊತ್ತಾಗುತ್ತದೆ. ಟ್ರೇಲರ್ ಟೈರ್ ಒಡೆಯುವುದು ಹೆಚ್ಚಾಗಿ ಹೀಗೇ: ಅತಿಭಾರ, ಗಾಳಿ ಕಡಿಮೆ, ಮೇಲೆ 70 ಮೈಲಿ ವೇಗ. ಹಲವು ಟ್ರೇಲರ್ ಟೈರ್‌ಗಳು 65 ಮೈಲಿ ವೇಗಕ್ಕೆ ಮಾಡಿದವು. ಟೈರ್ ತಣ್ಣಗಿರುವಾಗಲೇ ಅದರ ಪಕ್ಕದಲ್ಲಿ ಬರೆದಿರುವಷ್ಟು ಗಾಳಿ ತುಂಬಿ.

ಹಿಚ್ (ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುವ ಭಾರ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15, ಇಲ್ಲಿ 300–450 ಪೌಂಡ್. ಇದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡುತ್ತದೆ. ಸೌದೆಯನ್ನು ಆ್ಯಕ್ಸಲ್‌ಗಿಂತ ತುಸು ಮುಂದಕ್ಕೆ ಭಾರ ಬೀಳುವಂತೆ ಒಟ್ಟಿ, ಹಿಂಬಾಗಿಲ ಕಡೆ ಹಗುರವಿರಲಿ. ಈ ಹಿಚ್ ಭಾರವೂ ಪಿಕಪ್ಪಿನ ಹೊರೆಯಲ್ಲೇ ಸೇರುತ್ತದೆ. ಪಿಕಪ್ಪಿಗೆ 1,500 ಪೌಂಡ್ ಹೊರೆ ಎಂದುಕೊಳ್ಳಿ (ನಿಖರ ಸಂಖ್ಯೆ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ). ನಾಲ್ಕು ಜನ 600, ಸಾಮಾನು 200, ಹಿಚ್ 350 ಕಳೆದರೆ ಮಿಕ್ಕಿದ್ದು 350. ಹಿಂದಿನ ತೊಟ್ಟಿಯಲ್ಲಿ ಸೌದೆಗೆ ಜಾಗ ಇದ್ದರೂ ತೂಕಕ್ಕೆ ಇಲ್ಲ.

ಕಟ್ಟುವ ವಿಚಾರ: 16 ಇಂಚಿನ ಸೀಳುಗಳನ್ನು ಪಟ್ಟಿ ಬಿಗಿದು ಮಾತ್ರ ಹಿಡಿಯಲು ಆಗುವುದಿಲ್ಲ. ರಸ್ತೆ ಅದುರಿದಂತೆ ತುಂಡುಗಳು ಕುಸಿದು ಪಟ್ಟಿ ಸಡಿಲವಾಗುತ್ತದೆ, ಮೊದಲು ಹಾರುವುದು ಮೇಲಿನ ಸಾಲು. ಅದಕ್ಕೇ ಕೇಂದ್ರದ ಸರಕು ಸಾಗಣೆ ನಿಯಮ ಇಂಥ ಗಿಡ್ಡ ತುಂಡುಗಳಿಗೆ ಮುಂದೆ, ಹಿಂದೆ, ಎರಡೂ ಪಕ್ಕ ಗಟ್ಟಿ ಗೋಡೆ ಬೇಕು ಎನ್ನುತ್ತದೆ. ಸೌದೆ ಗೋಡೆಗಿಂತ ಒಂದು ಸಾಲು ಕೆಳಗಿರಲಿ, ಮೇಲೆ ಟಾರ್ಪಾಲಿನ್, ಅದರ ಮೇಲೆ ರ್‍ಯಾಚೆಟ್ ಪಟ್ಟಿ. 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಬಿಗಿಯಿರಿ. ಅಲ್ಲೇ ಚಕ್ರದ ಹಬ್ ಹತ್ತಿರ ಕೈ ಒಡ್ಡಿ ನೋಡಿ, ಒಂದು ಬದಿ ಮಾತ್ರ ಕಾದಿದ್ದರೆ ಬೇರಿಂಗ್ ಹೋಗುತ್ತಿದೆ ಎಂದರ್ಥ.

ಮಾರಾಟಕ್ಕೆಂದು ರಾಜ್ಯ ದಾಟಿದಿರೋ, ಅದು ವ್ಯಾಪಾರದ ಸಾಗಣೆ. ಪಿಕಪ್ ಮತ್ತು ಟ್ರೇಲರಿನ ಮಿತಿ ತೂಕ ಕೂಡಿಸಿ 10,001 ಪೌಂಡ್ ಮುಟ್ಟಿದರೆ ಯುಎಸ್‌ಡಿಓಟಿ (ಕೇಂದ್ರ ಸಾರಿಗೆ ಇಲಾಖೆ) ನಂಬರ್, ಬಾಗಿಲ ಮೇಲೆ ಹೆಸರು, ಚಾಲಕನಿಗೆ ವೈದ್ಯಕೀಯ ಪ್ರಮಾಣಪತ್ರ ಎಲ್ಲ ಬೇಕಾಗುತ್ತದೆ. 7,000ದ ಪಿಕಪ್, 2,990ರ ಟ್ರೇಲರ್ ಸೇರಿ 9,990. ಪಿಕಪ್ 7,100ರದ್ದಾದರೆ ದಾಟಿಯೇ ಹೋಯಿತು. ಸ್ವಂತ ಗಾಡಿಯ ವಿಮೆ ವ್ಯಾಪಾರದ ಬಳಕೆಗೆ ಅನ್ವಯಿಸುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಹೊಸ ಕೊಡಲಿ:

ಇಬ್ಬರಿಗೂ ಧನ್ಯವಾದ. ತೊಗಟೆ ಎಬ್ಬಿಸಿ ನೋಡಿದೆ, ಜಾಡುಗಳಿವೆ. ಹಾಗಾದರೆ ತೊಗಟೆ ಪೂರ್ತಿ ಸುಲಿದುಬಿಟ್ಟರೆ? ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಲ್ಲಿ ಕಾಯಿಸಿದರೆ ಅದು ಶಾಖ ಸಂಸ್ಕರಣೆ ಆಗುತ್ತದೆಯೇ?

ಒಣಸೌದೆ:

ಎರಡೂ ಆಗುವುದಿಲ್ಲ.

ಶಾಖ ಸಂಸ್ಕರಣೆ ಎನ್ನುವುದು ಸೌದೆಯ ನಡುತಿರುಳಿನ ಉಷ್ಣಾಂಶದ ಲೆಕ್ಕ, ಅದನ್ನು ಕಾಯಿಸುವ ಗೂಡಿನ (ಕಿಲ್ನ್) ಗಾಳಿಯದ್ದಲ್ಲ. ನ್ಯೂಯಾರ್ಕ್, ವರ್ಮಾಂಟ್ ಕೇಳುವುದು ತಿರುಳು 160 ಡಿಗ್ರಿ ಫ್ಯಾರನ್‌ಹೀಟ್ (71 ಸೆಲ್ಸಿಯಸ್) ಮುಟ್ಟಿ ಅಲ್ಲೇ 75 ನಿಮಿಷ ನಿಲ್ಲಬೇಕೆಂದು. ಮಾಡುವ ಕ್ರಮ ಹೀಗೆ: ಇರುವುದರಲ್ಲೇ ದಪ್ಪನೆಯ ತುಂಡುಗಳನ್ನು ಆರಿಸಿ, ನಡುವಿನವರೆಗೆ ತೂತು ಕೊರೆದು ತಾಪಮಾಪಕದ ತಂತಿ ಇಳಿಸಿ, ಗೂಡಿನಲ್ಲಿ ಅತಿ ತಣ್ಣಗಿರುವ ಮೂಲೆಗಳಲ್ಲಿ ಇಡುತ್ತಾರೆ. ಎಲ್ಲಕ್ಕಿಂತ ಹಿಂದೆ ಬಿದ್ದ ತಂತಿ 160 ತೋರಿಸಿದ ಗಳಿಗೆಯಿಂದ 75 ನಿಮಿಷ ಎಣಿಕೆ ಶುರು. ಪ್ರತಿ ಗೂಡಿನ ದಾಖಲೆ ಇಡಬೇಕು, ಕೃಷಿ ಇಲಾಖೆಯೊಡನೆ ಒಪ್ಪಂದ ಇರಬೇಕು, ಪ್ರಮಾಣಿತ ಎಂಬ ಗುರುತು ಕಟ್ಟಿನ ಮೇಲೆ ಬರಬೇಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ಮಧ್ಯಾಹ್ನ ಗಾಳಿ ಎಷ್ಟೇ ಕಾದರೂ ದಪ್ಪ ಸೀಳಿನ ನಡು ಅಲ್ಲಿಗೆ ಮುಟ್ಟುವುದಿಲ್ಲ, ರಾತ್ರಿ ಮತ್ತೆ ಇಳಿಯುತ್ತದೆ. ಸೌದೆ ಒಣಗಲು ಅದು ಒಳ್ಳೆಯ ಉಪಾಯವೇ, ಹುಳು ಸಾಯಿಸಲು ಅಲ್ಲ.

ಅಂಗಡಿಯಲ್ಲಿ ಕಾಣುವ ‘ಕಿಲ್ನ್-ಡ್ರೈಡ್’ ಎಂಬ ಬರಹಕ್ಕೂ ಮೋಸಹೋಗಬೇಡಿ. ಅದು ತೇವ ಇಳಿಸಿದ್ದಾರೆ ಎಂದಷ್ಟೇ ಹೇಳುತ್ತದೆ. ಕಡಿಮೆ ಶಾಖದಲ್ಲಿ ಹೆಚ್ಚು ದಿನ ಇಟ್ಟರೂ ತೇವ ಇಳಿಯುತ್ತದೆ. ಸಂಸ್ಕರಣೆಯ ಪ್ರಮಾಣಗುರುತು ಇದ್ದರೆ ಮಾತ್ರ ಲೆಕ್ಕಕ್ಕೆ.

ತೊಗಟೆ ಸುಲಿಯುವುದು: ಆ್ಯಶ್ ಬೋರರ್ ಕ್ವಾರಂಟೈನ್ ಇದ್ದ ಕಾಲದಲ್ಲಿ ತೊಗಟೆಯ ಜೊತೆಗೆ ಕೆಳಗಿನ ಅರ್ಧ ಇಂಚು ಮರವನ್ನೂ ತೆಗೆಯಬೇಕಿತ್ತು. ಸೀಳಿದ ಸೌದೆಯಲ್ಲಿ ಅದು ಕೂಲಿಗೇ ಗಿಟ್ಟದು. ಲಾಂಗ್‌ಹಾರ್ನ್ಡ್ ಬೀಟಲಿನ ಹುಳು ತಿರುಳಿನವರೆಗೂ ಕೊರೆಯುವುದರಿಂದ ಅದಕ್ಕೆ ಸುಲಿದೂ ಪ್ರಯೋಜನವಿಲ್ಲ.

ಪ್ರಮಾಣಿತ ಕಟ್ಟುಗಳನ್ನೇ ಸಗಟಾಗಿ ಕೊಂಡು ದಾರಿಯಲ್ಲಿ ಮಾರುವ ಯೋಚನೆ ಬಂದರೆ, ಹುಳುವಿನ ತಕರಾರು ತಪ್ಪುತ್ತದೆ, ಮಿಕ್ಕಿದ್ದು ಉಳಿಯುತ್ತದೆ. ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿಯಿಲ್ಲದೆ ಏನನ್ನೂ ಮಾರುವಂತಿಲ್ಲ. ಹೊರಗೆ ಮಾರಿದರೆ ಆಯಾ ರಾಜ್ಯದ ಮಾರಾಟ ತೆರಿಗೆ ಏನು ಎಂದು ನೋಡಬೇಕು. ಕ್ಯಾಂಪ್‌ಗ್ರೌಂಡ್‌ನ ಅಂಗಡಿಯಲ್ಲಿ ಅದೇ ಕಟ್ಟು ಇದ್ದೇ ಇರುತ್ತದೆ. ಸಾವಿರ ಮೈಲಿಗೂ ಮೀರಿದ ದಾರಿ, ಗ್ಯಾಲನ್‌ಗೆ 20 ಮೈಲಿ ಕೊಡುವ ಗಾಡಿ ಟ್ರೇಲರ್ ಎಳೆಯುತ್ತ 13ಕ್ಕೆ ಇಳಿದರೆ ಸಾವಿರಕ್ಕೆ 27 ಗ್ಯಾಲನ್ ಹೆಚ್ಚು. ನನ್ನ ಮಟ್ಟಿಗೆ ಇದು ಗಿಟ್ಟುವ ವ್ಯಾಪಾರ ಅಲ್ಲ.

ನಿಮ್ಮ ಸೌದೆಗೆ ಬೆಲೆ ಇಲ್ಲವೆಂದಲ್ಲ, ಅದರ ಬೆಲೆ ಇರುವುದು ನಿಮ್ಮ ಕೌಂಟಿಯಲ್ಲೇ. ಕ್ವಾರಂಟೈನ್ ಗಡಿಯ ಹೊರಗಿದ್ದೀರಿ ಎಂದು ಖಚಿತವಾದ ಮೇಲೆ ಹೀಗೆ ಮಾಡಿ. ಓಕ್ ಮತ್ತು ಆ್ಯಶ್ ಬೇರೆ ಬೇರೆ ಒಟ್ಟಿ. ಆ್ಯಶ್ ಆರರಿಂದ ಹನ್ನೆರಡು ತಿಂಗಳಲ್ಲಿ ಒಣಗುತ್ತದೆ, ನಿಂತೇ ಸತ್ತದ್ದಾದರೆ ಇನ್ನೂ ಬೇಗ. ರೆಡ್ ಓಕ್‌ಗೆ ಒಂದೂವರೆ ಎರಡು ವರ್ಷ ಬೇಕು, ಅವಸರಿಸಿ ಮಾರಿದರೆ ಹೊಗೆ ಜಾಸ್ತಿ, ಕೊಂಡವರು ಮತ್ತೆ ಬರುವುದಿಲ್ಲ. ನೆಲಕ್ಕೆ ತಾಗದಂತೆ ಪ್ಯಾಲೆಟ್ ಹಾಕಿ, ಮೇಲ್ಭಾಗ ಮಾತ್ರ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡಲಿ. ತೇವ ಅಳೆಯುವಾಗ ಒಂದು ಸೀಳನ್ನು ಮತ್ತೆ ಸೀಳಿ ಹೊಸ ಮುಖದ ನಡುವೆ ಮೀಟರ್ ಚುಚ್ಚಿ. ಕೊಯ್ದ ತುದಿಯಲ್ಲಿ ಚುಚ್ಚಿದರೆ ಒಣಗಿದ್ದಕ್ಕಿಂತ ಹೆಚ್ಚು ಒಣಗಿದಂತೆ ತೋರಿಸುತ್ತದೆ. ಶೇ. 20ಕ್ಕಿಂತ ಕೆಳಗೆ ಬಂದರೆ ಮಾರಾಟಕ್ಕೆ ಸಿದ್ಧ.

ಕಟ್ಟಿನ ಅಳತೆ ಕೇಳಿದ್ದಿರಿ. ಅಂಗಡಿಗಳಲ್ಲಿ ಬಳಕೆಯಲ್ಲಿರುವುದು 0.75 ಘನ ಅಡಿಯ ಕಟ್ಟು, ಒಂದು ಕಾರ್ಡ್‌ಗೆ 170 ಕಟ್ಟು. ಕಟ್ಟಿನ ಮೇಲೆ ಘನ ಅಡಿಯಲ್ಲಿ ಅಳತೆ, ಮಾರುವವರ ಹೆಸರು, ಊರು ಬರೆಯಿರಿ. ಬಿಡಿಯಾಗಿ ಮಾರಿದರೆ ಕಾರ್ಡ್ ಅಥವಾ ಅದರ ಭಾಗದ ಲೆಕ್ಕದಲ್ಲೇ ಹೇಳಿ. ‘ಫೇಸ್ ಕಾರ್ಡ್’, ‘ಒಂದು ಟ್ರಕ್ ಲೋಡ್’ ಎಂಬಂಥ ಮಾತುಗಳನ್ನು ತೂಕ-ಅಳತೆಯ ಮಾದರಿ ನಿಯಮವೇ ಒಪ್ಪುವುದಿಲ್ಲ, ಜಗಳ ಹುಟ್ಟುವುದೂ ಅಲ್ಲೇ. ಸುಮ್ಮನೆ ಎಸೆದು ತುಂಬಿದ ಸೌದೆಯಾದರೆ ಒಂದು ಕಾರ್ಡ್‌ಗೆ ಸುಮಾರು 180 ಘನ ಅಡಿ ಜಾಗ ಬೇಕು. ನಿಮ್ಮ 80 ಘನ ಅಡಿಯ ಟ್ರೇಲರ್‌ನಲ್ಲಿ ಹಾಗೆ ತುಂಬಿದ್ದು ಅರ್ಧ ಕಾರ್ಡ್ ಕೂಡ ಆಗದು, ಅರ್ಧ ಎಂದು ಹೇಳಿ ಮಾರಬೇಡಿ.

ತೊಗಟೆಯ ಕೆಳಗೆ:

ಜಾಡು ಸಿಕ್ಕಿತು ಎಂದಿರಲ್ಲ, ಆ ಆ್ಯಶ್ ಸೌದೆ ಮುಂದಿನ ಏಪ್ರಿಲ್ ಕೊನೆಯೊಳಗೆ ಉರಿದು ಹೋಗುವಂತೆ ನೋಡಿಕೊಳ್ಳಿ. ದುಂಬಿ ಹೊರಬರುವುದು ಸಾಮಾನ್ಯವಾಗಿ ಮೇ ನಂತರ. ಹತ್ತಿರದವರಿಗೆ ಈ ಚಳಿಗಾಲದಲ್ಲೇ ಮಾರಿ, ಯಾಕೆಂದು ಹೇಳಿಯೇ ಮಾರಿ.

ಪ್ರವಾಸಕ್ಕೆ ಖಾಲಿ ಕೈಲಿ ಹೋಗಿ, ಬೇಕಾದ ಸೌದೆ ಅಲ್ಲಲ್ಲೇ ಕೊಳ್ಳಿ, ಉಳಿದದ್ದನ್ನು ಅಲ್ಲೇ ಬಿಟ್ಟು ಬನ್ನಿ. ವಾಪಸ್ ತರುವುದೂ ಅಷ್ಟೇ ತಪ್ಪು: ನೀವು ಹೋಗುವ ಈಶಾನ್ಯ ರಾಜ್ಯಗಳ ಹೆಚ್ಚಿನ ಭಾಗ ಸ್ಪಾಂಜಿ ಮಾತ್ ಎಂಬ ಪತಂಗದ ಕ್ವಾರಂಟೈನಿನ ಒಳಗಿದೆ, ಓಹಾಯೋದ ದಕ್ಷಿಣದ ಹಲವು ಕೌಂಟಿಗಳು ಹೊರಗಿವೆ. ಅಕ್ಟೋಬರ್ ಎಂದರೆ ಆ ಪತಂಗದ ಮೊಟ್ಟೆಗಳು ಅಂಟಿಕೊಂಡಿರುವ ಕಾಲ, ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಇನ್ನೊಂದು ಕೀಟ ಮೊಟ್ಟೆ ಇಡುವ ಕಾಲವೂ ಹೌದು. ಮೊದಲನೆಯದು ಕಂದುಹಳದಿ ಬಣ್ಣದ ಮೆತ್ತನೆಯ ರೋಮದ ತೇಪೆ, ಎರಡನೆಯದು ಒಣಗಿದ ಕೆಸರು ಮೆತ್ತಿದಂತೆ. ಎರಡೂ ಮರಕ್ಕೇ ಅಂಟಬೇಕೆಂದಿಲ್ಲ, ಕ್ಯಾಂಪ್ ಕುರ್ಚಿ, ಟೆಂಟ್ ಚೀಲ, ಗಾಡಿಯ ಅಡಿಭಾಗ ಎಲ್ಲಿಯೂ ಇರಬಹುದು. ಹೊರಡುವ ಮುನ್ನ ಟಾರ್ಚ್ ಹಿಡಿದು ಚಕ್ರದ ಗೂಡುಗಳನ್ನೂ ಬಂಪರ್ ಅಡಿಯನ್ನೂ ನೋಡಿ. ಕಂಡರೆ ಹಳೆ ಕ್ರೆಡಿಟ್ ಕಾರ್ಡಿನಂಥ ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ಸಾಬೂನು ನೀರು ತುಂಬಿದ ಡಬ್ಬಕ್ಕೆ ಹಾಕಿ. ನೆಲಕ್ಕೆ ಉದುರಿಸಿದರೆ ಅಲ್ಲೇ ಮರಿಯಾಗುತ್ತವೆ.