ನಾಯಿಯೊಡನೆ ಇಂಗ್ಲೆಂಡಿಗೆ: ಹೋಗಿ ನೆಲೆಸಿದವರ ಅನುಭವಗಳು

ಪ್ರಶ್ನೆ

ಮುಂದಿನ ವರ್ಷ ನಮ್ಮ ಕುಟುಂಬ ಮೈಸೂರಿನಿಂದ ಇಂಗ್ಲೆಂಡಿಗೆ ತೆರಳಲಿದೆ. ನಾಲ್ಕು ವರ್ಷಗಳಿಂದ ಮನೆಯಲ್ಲಿರುವ ನಾಟಿ ನಾಯಿಯನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಜೊತೆಗೆ ಬರುವ ನನ್ನ ತಂಗಿಗೆ ದೃಷ್ಟಿ ಬಹಳ ಮಂದವಾಗಿದ್ದು, ಇದೇ ನಾಯಿಯನ್ನು ಅಲ್ಲಿ ಸಹಾಯಕ ನಾಯಿಯೆಂದು ನೋಂದಾಯಿಸಬಹುದೇ ಎಂಬ ಪ್ರಶ್ನೆಯೂ ಇದೆ. ನಾಯಿ ಸಾಕುವವರ ಮೇಲೆ ಅಲ್ಲಿನ ಕಾನೂನು ಯಾವ ಹೊಣೆಗಳನ್ನು ಹೊರಿಸುತ್ತದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ರೆಡಿಂಗ್‌ನಿಂದ

ಟಿಕೆಟ್ ಕೊಳ್ಳುವ ಮೊದಲು ಪಶುವೈದ್ಯರನ್ನು ಕಾಣಿರಿ. ಮೊದಲು ಮೈಕ್ರೋಚಿಪ್ (ನಾಯಿಯ ಗುರುತಿಗಾಗಿ ಚರ್ಮದಡಿ ಅಳವಡಿಸುವ ಪುಟ್ಟ ಚಿಪ್), ಆಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಗಳ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಈ ಕ್ರಮ ಹಿಂದುಮುಂದಾಗುವಂತಿಲ್ಲ. ನಮ್ಮ ನಾಯಿಗೆ ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿಸಿದ್ದೆವು, ಆದರೆ ಚಿಪ್ ಅಳವಡಿಸಿದ್ದು ತಡವಾಗಿ. ಹೀಗಾಗಿ ಹಿಂದಿನ ಯಾವ ಲಸಿಕೆಯೂ ಲೆಕ್ಕಕ್ಕೆ ಬರದೆ ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕಾಯಿತು. ನಾನು ಕೆಲಸಕ್ಕಾಗಿ ಮುಂದಾಗಿ ಬಂದೆ, ನನ್ನ ಪತ್ನಿ ನಾಯಿಗಾಗಿ ಬೆಂಗಳೂರಿನಲ್ಲೇ ಉಳಿದರು.

ರಕ್ತಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿಯೇ ಆಗಬೇಕು. ಲಾಡಿಹುಳುವಿನ ಔಷಧವನ್ನು ಇಲ್ಲಿ ತಲಪುವ 24ರಿಂದ 120 ಗಂಟೆಗಳ ಮುಂಚೆ ವೈದ್ಯರೇ ಕೊಟ್ಟು ದಾಖಲಿಸಬೇಕು. ಸಾಕುನಾಯಿ ವಿಮಾನದಲ್ಲಿ ಸರಕಾಗಿಯೇ ಬರುತ್ತದೆ. ಕಾಗದಪತ್ರಗಳಲ್ಲಿ ಲೋಪ ಕಂಡುಬಂದರೆ ನಾಲ್ಕು ತಿಂಗಳವರೆಗೂ ಕ್ವಾರಂಟೈನ್‌ನಲ್ಲಿ ಇರಿಸಬಹುದು, ಅದರ ಖರ್ಚೂ ನಿಮ್ಮದೇ.

ಲೀಡ್ಸ್‌ನಿಂದ

ನಮ್ಮ ಮಾವನವರು ಫೋನು ಮಾಡಿದಾಗಲೆಲ್ಲ ನಾಯಿಯ ಲೈಸೆನ್ಸ್ ವಿಚಾರಿಸುತ್ತಿದ್ದರು. ಅಂಥ ಲೈಸೆನ್ಸ್ ಇಲ್ಲಿ 1987ರಲ್ಲಿಯೇ ರದ್ದಾಗಿದೆ. ಈಗ ಕಡ್ಡಾಯವಾಗಿರುವುದು ಚಿಪ್; 2016ರ ಏಪ್ರಿಲ್‌ನಿಂದ ಎಂಟು ವಾರ ದಾಟಿದ ಪ್ರತಿ ನಾಯಿಗೂ ಅದು ಇರಬೇಕು. ಭಾರತದಲ್ಲಿ ಹಾಕಿಸಿದ ಚಿಪ್ ಸಾಕೆಂದು ಸುಮ್ಮನಾಗಬೇಡಿ, ಅದನ್ನು ಇಲ್ಲಿನ ಮಾನ್ಯ ಡೇಟಾಬೇಸ್ ಒಂದರಲ್ಲಿ ನಿಮ್ಮ ಇಲ್ಲಿನ ವಿಳಾಸದೊಂದಿಗೆ ದಾಖಲಿಸಬೇಕು. ತಿದ್ದಿಕೊಳ್ಳಲು 21 ದಿನಗಳ ನೋಟಿಸು ಕೊಟ್ಟ ಮೇಲೂ ದಾಖಲಿಸದಿದ್ದರೆ ದಂಡ 500 ಪೌಂಡುಗಳವರೆಗೆ ಹೋಗಬಹುದು. ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು ಮತ್ತು ವಿಳಾಸವಿರುವ ಬಿಲ್ಲೆ ಬೇಕು.

ನಾನು ಪಾಠ ಕಲಿತದ್ದು 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಿಂದ. ಅದರಲ್ಲಿ ನಿಷೇಧಿಸಿದ ಪಿಟ್ ಬುಲ್ ಮೊದಲಾದ ಬಗೆಗಳು ನಿಮಗೆ ಸಂಬಂಧಿಸಿದ್ದಲ್ಲ. ಆದರೆ ನಾಯಿ ಕಚ್ಚದಿದ್ದರೂ, ಕಚ್ಚಬಹುದೆಂಬ ಸಕಾರಣ ಭಯ ಇನ್ನೊಬ್ಬರಲ್ಲಿ ಹುಟ್ಟಿದರೆ ಅದು ಹತೋಟಿ ತಪ್ಪಿದಂತೆಯೇ, ಮತ್ತು 2014ರಿಂದ ಈ ನಿಯಮ ಸ್ವಂತ ಮನೆಯಂಗಳಕ್ಕೂ ಅನ್ವಯಿಸುತ್ತದೆ. ನಮ್ಮ ನಾಯಿ ಗೇಟಿನ ಬಳಿ ಅಂಚೆಯವರ ಮೇಲೆ ಹಾರಿದಾಗ ನಾನು ಊರಿನ ರೂಢಿಯಂತೆ ‘ಏನೂ ಮಾಡುವುದಿಲ್ಲ, ಬನ್ನಿ’ ಎಂದೆ. ಅವರು ದೂರು ಕೊಟ್ಟರು, ಅದು ತಪ್ಪೂ ಅಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಇಲ್ಲಿನ ನ್ಯಾಯಾಲಯ ಕೇಳುವುದಿಲ್ಲ. ಕುರಿ ಮೇಯುವ ಹೊಲಗಳ ಹತ್ತಿರ ಹಗ್ಗ ಬಿಡಲೇಬೇಡಿ. ಕುರಿಗಳನ್ನು ಕಾಡುವ ನಾಯಿಯನ್ನು ಕೆಲವು ಸಂದರ್ಭಗಳಲ್ಲಿ ರೈತ ಗುಂಡಿಟ್ಟು ಕೊಂದರೂ ಕಾನೂನು ಅವನಿಗೆ ರಕ್ಷಣೆ ಕೊಡುತ್ತದೆ.

ಬರ್ಮಿಂಗ್‌ಹ್ಯಾಮ್‌ನಿಂದ

ನಾನು ದೃಷ್ಟಿಹೀನ, ಆರು ವರ್ಷಗಳಿಂದ ಮಾರ್ಗದರ್ಶಿ ನಾಯಿಯೊಂದಿಗೆ ನಡೆಯುತ್ತಿದ್ದೇನೆ. ಆದ್ದರಿಂದ ತಂಗಿಯವರ ವಿಷಯವನ್ನು ನಾನು ಹೇಳುವೆ. ಸಹಾಯಕ ನಾಯಿಗಳಿಗೆ ಸರ್ಕಾರದ ನೋಂದಣಿ ಪುಸ್ತಕವೆಂಬುದೇ ಇಲ್ಲಿಲ್ಲ. ಹಣ ತೆಗೆದುಕೊಂಡು ಗುರುತಿನ ಚೀಟಿ, ಜಾಕೆಟ್ ಮಾರುವವರು ಸಿಗುತ್ತಾರೆ, ಅವುಗಳಿಗೆ ಕಾನೂನಿನ ಬೆಲೆಯಿಲ್ಲ. 2010ರ ಸಮಾನತಾ ಕಾಯ್ದೆಯಡಿ ಹಕ್ಕು ಬರುವುದು ವ್ಯಕ್ತಿಯ ಅಂಗವೈಕಲ್ಯದಿಂದ ಮತ್ತು ಅದಕ್ಕೆಂದೇ ನಾಯಿಗೆ ಕೊಟ್ಟ ತರಬೇತಿಯಿಂದ. ಮನಸ್ಸಿಗೆ ನೆಮ್ಮದಿ ಕೊಡುತ್ತದೆಂಬ ಕಾರಣಕ್ಕೆ ಸಾಕುನಾಯಿಗೆ ಆ ಸ್ಥಾನ ಸಿಗದು.

ಟ್ಯಾಕ್ಸಿಯವರು ಹೆಚ್ಚುವರಿ ಹಣ ಕೇಳದೆ ನನ್ನನ್ನೂ ನಾಯಿಯನ್ನೂ ಕರೆದೊಯ್ಯಬೇಕು. ವೈದ್ಯಕೀಯ ವಿನಾಯಿತಿ ಪತ್ರವಿಲ್ಲದೆ ನಿರಾಕರಿಸಿದರೆ 1000 ಪೌಂಡುಗಳವರೆಗೆ ದಂಡವಿದೆ. ಆದರೂ ಮಳೆಯಲ್ಲಿ ನನ್ನನ್ನು ಬಿಟ್ಟುಹೋದವರುಂಟು. ಅಂದಿನಿಂದ ಹೊರಡುವ ಮೊದಲೇ ವಾಹನದ ಸಂಖ್ಯೆಯನ್ನು ಯಾರಿಂದಲಾದರೂ ಓದಿಸಿ ಬರೆದಿಟ್ಟುಕೊಳ್ಳುತ್ತೇನೆ, ಏಕೆಂದರೆ ಊರಿನ ಸ್ಥಳೀಯಾಡಳಿತವಾದ ಕೌನ್ಸಿಲ್‌ಗೆ ದೂರು ಕೊಡುವಾಗ ಅವರು ಮೊದಲು ಕೇಳುವುದು ಅದನ್ನೇ.

ತಂಗಿಯವರು ಪೂರ್ಣ ಅಂಧರಾಗಿರಬೇಕಿಲ್ಲ. ‘ಗೈಡ್ ಡಾಗ್ಸ್’ ಎಂಬ ದತ್ತಿ ಸಂಸ್ಥೆ ಅಲ್ಪದೃಷ್ಟಿಯವರ ಅರ್ಜಿಯನ್ನೂ ಪರಿಶೀಲಿಸುತ್ತದೆ. ಕಾಯುವಿಕೆ ದೀರ್ಘವಾದುದರಿಂದ, ಬಂದ ಕೂಡಲೇ ಕಣ್ಣಿನ ತಜ್ಞರಿಂದ ದೃಷ್ಟಿದೋಷದ ಪ್ರಮಾಣಪತ್ರ ಪಡೆದು ಕೌನ್ಸಿಲ್‌ನಲ್ಲಿ ಹೆಸರು ದಾಖಲಿಸಿಕೊಳ್ಳಲಿ. ಮನೆಯಲ್ಲಿ ಬೇರೊಂದು ನಾಯಿಯಿದೆ ಎಂಬುದನ್ನು ಅರ್ಜಿಯಲ್ಲಿಯೇ ತಿಳಿಸಿರಿ, ಏಕೆಂದರೆ ಅವೆರಡೂ ಹೊಂದಿಕೊಳ್ಳುವುದು ಮುಖ್ಯ.

ರೆಡಿಂಗ್‌ನಿಂದ, ಮತ್ತೊಮ್ಮೆ

ಒಂದು ಮಾತು ಮರೆತಿದ್ದೆ. ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮೊದಲು ನಾಯಿ ಇಟ್ಟುಕೊಳ್ಳಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಮಗೆ ಬಾಯಿಮಾತಿನಲ್ಲಿ ಒಪ್ಪಿದ್ದ ಮಾಲೀಕರು, ನಾಯಿ ಬಂದಿಳಿದ ವಾರವೇ ಮಾತು ಬದಲಿಸಿದರು.