ಕಿಟ್ಟಿಯ ಗ್ಯಾರೇಜಲ್ಲಿ ಗುಳುಕ್

"ಇವತ್ತು ಫೈನಲ್ ಮಾಡ್ಬಿಡೋಣ ಕಣ್ರೋ, ಬನ್ನಿ" ಅಂತ ಕಿಟ್ಟಿ ಶನಿವಾರ ಬೆಳಿಗ್ಗೆನೇ ಫೋನ್ ಮಾಡಿದ.

"ಏನು, ಮಗನ ಮದುವೆನಾ" ಅಂದ ನಾಣಿ. ಕಿಟ್ಟಿ ಮಗನಿಗೆ ಏಳು ವರ್ಷ.

"ಅಲ್ಲ ಕಣೋ, ಫರ್ಮೆಂಟರ್."

ಯುಗಾದಿ ದಿನ ಒಬ್ಬಟ್ಟು ಬಾಯಲ್ಲಿಟ್ಕೊಂಡು "ಇನ್ಮೇಲೆ ಬೀರು ಅಂಗಡೀಲಿ ಕೊಳ್ಳಲ್ಲ, ಮನೇಲೇ ಮಾಡ್ತೀನಿ" ಅಂತ ಶಪಥ ಮಾಡಿದವನು ಇವನು, ಈಗ ಗಣೇಶನ ಹಬ್ಬ ಬಂತು, ಒಂದು ಲೋಟ ಬೀರು ಇಳಿದಿಲ್ಲ, ಯಾಕಂದ್ರೆ ಬೀರು ಮಾಡೋಕೆ ಮುಂಚೆ ಅದು ಹುದುಗೋ ಪಾತ್ರೆ ಯಾವುದು ಅಂತ ತೀರ್ಮಾನ ಆಗ್ಬೇಕಲ್ಲ, ಅದು ಆಗ್ತಾನೇ ಇಲ್ಲ. ಅಮೆರಿಕದ ಫ್ರೀಮಾಂಟಲ್ಲಿರೋ ಅವನ ಗ್ಯಾರೇಜ್ ನೋಡ್ಬೇಕು ನೀವು. ಎರಡು ಕಾರು ನಿಲ್ಲೋ ಜಾಗ, ಎರಡೂ ಕಾರು ರಸ್ತೇಲಿ ನಿಂತಿವೆ.

ಜೂನಲ್ಲಿ ಸೀತಮ್ಮನೋರು ಅರಸೀಕೆರೆಯಿಂದ ಬಂದಾಗ ಸುಧಾ ಬಾಯಿತಪ್ಪಿ "ನಿಮ್ಮ ಮಗ ಇರೋ ದುಡ್ಡೆಲ್ಲಾ ಬೀರಿಗೇ ಸುರೀತಿದಾರೆ ಅತ್ತೆ" ಅಂದ್ಬಿಟ್ಟಿದ್ದಳು. "ಒಳ್ಳೇದಾಯ್ತು ಬಿಡಮ್ಮ, ಗೋದ್ರೇಜ್ದೇ ತಗೊಳ್ಳಿ, ಬಟ್ಟೆಬರೆ ಎಲ್ಲಾ ಹೊರಗೇ ಬಿದ್ದಿರತ್ತೆ" ಅಂದ್ರಂತೆ ಅವರು. ಆಮೇಲೆ ಕಿಟ್ಟಿ ಅಮ್ಮನ್ನ ಕೂರಿಸ್ಕೊಂಡು, ಇದು ಬಾರ್ಲಿ ನೀರು, ಕಿಡ್ನಿಗೆ ಒಳ್ಳೇದು ಅಂತ ವಿವರಿಸಿದ್ದಾನೆ. ಸುಳ್ಳೇನಲ್ಲ, ಬಾರ್ಲಿನೂ ಇದೆ, ನೀರೂ ಇದೆ. ಕಿಡ್ನಿ ವಿಷಯ ಮಾತ್ರ ಅವನದೇ ಸೇರ್ಪಡೆ.

ನಾವು ಹೋಗೋ ಹೊತ್ತಿಗೆ ವೆಂಕಿ ಆಗ್ಲೇ ಲ್ಯಾಪ್‌ಟಾಪ್ ತೆಗೆದು ವಾಷಿಂಗ್ ಮಷೀನ್ ಮೇಲಿಟ್ಟು ಎಕ್ಸೆಲ್ ಶೀಟ್ ಬಿಚ್ಚಿದ್ದ. ಹದಿನಾಲ್ಕು ಸಾಲು. ಪಾತ್ರೆ, ಅಳತೆ, ಬೆಲೆ, ತೂಕ, ತೊಳೆಯೋ ಕಷ್ಟ, ಸ್ಟಾಕ್ ಇದೆಯಾ, ಇನ್ನೂ ಏನೇನೋ ಕಾಲಂ.

"ಮೊದಲ್ನೇದು, ಪ್ಲಾಸ್ಟಿಕ್ ಬಕೆಟ್ಟು" ಅಂದ ವೆಂಕಿ. "ಆರೂವರೆ ಗ್ಯಾಲನ್ನು, ಹತ್ರ ಹತ್ರ 25 ಲೀಟರ್. ನಾವು ಮಾಡೋ ಬೀರು ಐದು ಗ್ಯಾಲನ್ನು, 19 ಲೀಟರ್. ಮೇಲೆ ಉಳಿಯೋ ಜಾಗಕ್ಕೆ ಹೆಡ್‌ಸ್ಪೇಸ್ ಅಂತಾರೆ. ಯೀಸ್ಟು ಕೆಲಸ ಶುರು ಮಾಡಿದ ಒಂದೆರಡು ದಿನಕ್ಕೆ ನೊರೆ ಮೇಲಕ್ಕೇರತ್ತೆ, ಅದಕ್ಕೆ ಜಾಗ ಬಿಡದಿದ್ರೆ ಮುಚ್ಚಳ ಹಾರಿ ಗ್ಯಾರೇಜಿನ ಸೂರಿಗೆ ಹೊಡೆಯತ್ತೆ. ಹೆಡ್‌ಸ್ಪೇಸ್ ಲೆಕ್ಕ ಹ್ಯಾಗೆ ಹಾಕ್ಬೇಕಂದ್ರೆ..."

ಅರ್ಧ ಗಂಟೆ ಹೆಡ್‌ಸ್ಪೇಸ್ ಆಯ್ತು.

"ಬಕೆಟ್ಟಲ್ಲಿ ಏನು ತಪ್ಪು ಹೇಳು" ಅಂದ ನಾಣಿ. "ಅಗ್ಗ, ಹಗುರ, ಬಾಯಿ ಅಗಲ, ಕೈ ಹಾಕಿ ಉಜ್ಜಬಹುದು."

"ಉಜ್ಜಿದ್ರೆ ಗೀರು ಬೀಳತ್ತೆ" ಅಂದ ಕಿಟ್ಟಿ. "ಗೀರಲ್ಲಿ ಬ್ಯಾಕ್ಟೀರಿಯಾ ಕೂತ್ಕೊಂಡ್ರೆ ಯಾವ ಸ್ಯಾನಿಟೈಸರೂ ಮುಟ್ಟಲ್ಲ. ಅದೂ ಅಲ್ದೆ ಪ್ಲಾಸ್ಟಿಕ್ ಮೂಲಕ ಆಮ್ಲಜನಕ ಒಳಗೆ ಹೋಗತ್ತೆ, ಬೀರಿಗೆ ಒದ್ದೆ ರಟ್ಟಿನ ವಾಸನೆ ಬರತ್ತೆ."

"ಎಷ್ಟು ದಿನಕ್ಕೋ?"

"ತಿಂಗಳುಗಟ್ಲೆ ಇಟ್ರೆ."

"ನೀನು ಇಡೋದು ಎರಡು ವಾರ!"

"ಪ್ರಿನ್ಸಿಪಲ್ ಅಂತ ಒಂದಿರತ್ತಲ್ಲ" ಅಂದ ಕಿಟ್ಟಿ. ಅದಕ್ಕೇ ಬಕೆಟ್ಟನ್ನ ಸುಧಾಗೆ ಕೊಟ್ಟಿದ್ದಾನೆ. ಈಗ ಅದರಲ್ಲಿ ಸೋನಾ ಮಸೂರಿ ಅಕ್ಕಿ ಇದೆ, ಮುಚ್ಚಳ ಬಿಗಿ, ಹುಳ ಬೀಳಲ್ವಂತೆ, ಇಡೀ ಪ್ರಾಜೆಕ್ಟಲ್ಲಿ ಇಲ್ಲಿತನಕ ಆಗಿರೋ ಒಂದೇ ಉಪಯೋಗ ಇದು ಅಂತ ಅವಳು ಎಲ್ಲರಿಗೂ ಹೇಳ್ಕೊಂಡು ಬರ್ತಾಳೆ.

*ಗುಳುಕ್.*

"ಯಾರ ಹೊಟ್ಟೆನೋ ಅದು" ಅಂದ ನಾಣಿ. ವೆಂಕಿ ನನ್ದಲ್ಲ ಅಂದ.

ಎರಡನೇದು ಗಾಜಿನ ಕಾರ್ಬಾಯ್. ಊರಲ್ಲಿ ಆಫೀಸಿಗೆ ಬರೋ ಬಿಸ್ಲೇರಿ ಕ್ಯಾನ್ ಇದ್ಯಲ್ಲ, ಅದನ್ನ ಗಾಜಲ್ಲಿ ಮಾಡಿದ್ರೆ ಹೆಂಗಿರತ್ತೋ ಹಂಗೆ. ಗೀರು ಬೀಳಲ್ಲ, ಗಾಳಿ ಹೋಗಲ್ಲ, ಒಳಗೆ ನಡೆಯೋದೆಲ್ಲಾ ಕಾಣ್ಸತ್ತೆ. ಆದ್ರೆ ತುಂಬಿದಾಗ 25 ಕೆಜಿ ಮೇಲೆ, ತೊಳೆಯೋವಾಗ ಕೈಯೆಲ್ಲಾ ಸೋಪು, ಜಾರಿ ಬಿದ್ದು ಒಡೆದು ಹೊಲಿಗೆ ಹಾಕಿಸ್ಕೊಂಡವರ ಫೋಟೋಗಳನ್ನ ಕಿಟ್ಟಿ ಒಂದು ಫೋಲ್ಡರಲ್ಲಿ ಸೇವ್ ಮಾಡಿಟ್ಟಿದ್ದಾನೆ. ಊಟ ಮಾಡೋವಾಗ ತೋರಿಸ್ತಾನೆ.

"ಬಿಸಿಲೂ ಆಗಲ್ಲ" ಅಂದ ವೆಂಕಿ. "ಹಾಪ್ಸ್ ಅಂತ ಹೂವು ಹಾಕ್ತೀವಲ್ಲ, ಅದರ ಕಹಿ ಅಂಶಕ್ಕೆ ಬೆಳಕು ತಾಗಿದ್ರೆ ಸ್ಕಂಕ್ ವಾಸನೆ ಬರತ್ತೆ."

ಸ್ಕಂಕ್ ಅಂದ್ರೆ ಇಲ್ಲಿ ರಾತ್ರಿ ಹೊತ್ತು ಕಸದ ಡಬ್ಬದ ಹತ್ರ ಓಡಾಡೋ ಪ್ರಾಣಿ, ಒಂದ್ಸಲ ಪಿಚಕಾರಿ ಬಿಟ್ರೆ ಬೀದಿಗೆ ಬೀದಿಯೇ ಕಿಟಕಿ ಮುಚ್ಚತ್ತೆ. "ಒಳಗೆ ನೋಡ್ಬೇಕು ಅಂತ ಗಾಜಿಂದು ತಗೊಂಡು, ಬೆಳಕು ಬೀಳಬಾರ್ದು ಅಂತ ಅದಕ್ಕೆ ಹಳೇ ಟೀ ಷರ್ಟ್ ತೊಡಿಸೋದು" ಅಂದ ನಾಣಿ. "ಹುಡುಗಿ ಚೆನ್ನಾಗಿದಾಳೆ ಅಂತ ಮದುವೆ ಮಾಡ್ಕೊಂಡು ಮುಸುಕು ಹಾಕಿ ಕೂರಿಸಿದ ಹಾಗೆ." (ಇದು ನಾಣಿ ಹೇಳಿದ್ದು. ನಾನು ಬರೀ ಬರ್ಕೊಂಡೆ ಅಷ್ಟೇ. ನನ್ನ ಹೆಂಡ್ತಿ ಇದನ್ನ ಓದ್ತಾಳೆ.)

ಈಗ ಕಾರ್ಬಾಯಲ್ಲಿ ಮನಿಪ್ಲಾಂಟ್ ಇದೆ. ಬೇರು ಚೆನ್ನಾಗಿ ಬಿಟ್ಟಿದೆ.

ಮೂರನೇದೇ ಮಹಾಶಯ, ಸ್ಟೀಲಿನ ಕೋನಿಕಲ್. ಏಳು ಗ್ಯಾಲನ್, ಮೂರು ಕಾಲು, ಕೆಳಗಡೆ ಆಲಿಕೆ ಥರ ಚೂಪು, ತುದೀಲಿ ನಲ್ಲಿ. ಕೆಲಸ ಮುಗಿಸಿದ ಯೀಸ್ಟೆಲ್ಲಾ ಚೂಪಿಗೆ ಇಳಿಯತ್ತೆ, ನಲ್ಲಿ ತಿರುಗಿಸಿದ್ರೆ ಗಷ್ಟು ಆಚೆ, ಬೀರು ಒಳಗೆ. ಒಪ್ಪಬೇಕಾದ್ದೇ, ಜಾಣತನದ ಪಾತ್ರೆ ಅದು. ನಾನೂರು ಡಾಲರ್ ಕೊಟ್ಟು ತಂದ, ಮೂರು ತಿಂಗಳಿಂದ ಒರೆಸ್ತಾ ಇದಾನೆ. ಯಾಕೆ ಬೀರು ಹಾಕಿಲ್ಲ ಅಂದ್ರೆ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು, ಗ್ಯಾರೇಜಲ್ಲಿ ಈಗ ಮೂವತ್ತು, ಸೆಕೆ ಜಾಸ್ತಿಯಾದ್ರೆ ಯೀಸ್ಟು ತಿಕ್ಕಲು ತಿಕ್ಕಲಾಗಿ ಆಡಿ ಬೀರಿಗೆ ಬಾಳೆಹಣ್ಣಿನ ವಾಸನೆನೋ ನೇಲ್‌ಪಾಲಿಶ್ ವಾಸನೆನೋ ತರಿಸತ್ತೆ, ಅದಕ್ಕೆ ಒಂದು ಹಳೇ ಫ್ರಿಜ್ ತಂದ, ಕೋನಿಕಲ್ಲಿನ ಕಾಲು ಉದ್ದ, ಫ್ರಿಜ್ಜಲ್ಲಿ ಹಿಡಿಸ್ಲಿಲ್ಲ, ಈಗ ದೊಡ್ಡ ಫ್ರಿಜ್ ಹುಡುಕ್ತಿದಾನೆ, ಅದು ಸಿಕ್ಕಿದ್ರೆ ಇಡೋಕೆ ಜಾಗ ಇಲ್ಲ, ಹಂಗಾಗಿ ಫ್ರಿಜ್ಜಿಗೆ ಹಿಡಿಸೋ ಬೇರೆ ಪಾತ್ರೆ ಹುಡುಕೋದು ವಾಸಿ ಅಂತ ಶೀಟು ಮತ್ತೆ ಮೊದಲ್ನೇ ಸಾಲಿಂದ ಶುರುವಾಗಿದೆ.

"ಯೀಸ್ಟಿಗೆ ಕಣ್ಣಿಲ್ಲ ಕಣೋ" ಅಂದ ನಾಣಿ. "ಸಕ್ಕರೆ ಎಲ್ಲಿದೆ ಅಂತಷ್ಟೇ ಗೊತ್ತು ಅದಕ್ಕೆ. ಯಾವ ಬ್ರ್ಯಾಂಡಿನ ಮನೇಲಿ ಕೂತಿದೀನಿ ಅಂತ ನೋಡಲ್ಲ. ಅದಿರ್ಲಿ, ಈ ದೇಶದಲ್ಲಿ 1978ರಲ್ಲಿ ಪ್ರೆಸಿಡೆಂಟ್ ಕಾರ್ಟರ್ ಸಹಿ ಹಾಕಿದ್ರು, ಮನೇಲಿ ದೊಡ್ಡವರು ಇಬ್ಬರಿದ್ರೆ ವರ್ಷಕ್ಕೆ 200 ಗ್ಯಾಲನ್ ಬೀರು ತೆರಿಗೆ ಇಲ್ದೆ ಮಾಡ್ಕೊಳ್ಳಿ ಅಂತ. ಅಂದ್ರೆ 750 ಲೀಟರ್ ಚಿಲ್ರೆ. ಆ ಮನುಷ್ಯ ಅಷ್ಟು ನಂಬಿಕೆ ಇಟ್ಟು ಸಹಿ ಹಾಕಿದಾರೆ, ನೀನು ಇನ್ನೂ ಚಮಚದ ಲೆಕ್ಕಕ್ಕೇ ಬಂದಿಲ್ಲ."

"ಊರಲ್ಲಾಗಿದ್ರೆ ಅಬಕಾರಿಯೋರು ಬಂದಿರೋರು" ಅಂದ ವೆಂಕಿ.

"ಬಂದು ಪಾತ್ರೆ ನೋಡಿ ಗಾಬರಿಯಾಗಿ, ಮಾಲು ಎಲ್ಲಿ ಮಾಲು ಎಲ್ಲಿ ಅಂತ ಸಾಯಂಕಾಲದವರೆಗೂ ಹುಡುಕಿ, ಪಾಪ ಅನ್ನಿಸಿ ಅವರೇ ಒಂದು ಬಾಟ್ಲು ಕೊಡಿಸಿ ಹೋಗಿರೋರು."

*ಗುಳುಕ್.*

ಮಾತು ಎಲ್ಲೆಲ್ಲಿಗೋ ಹೋಯ್ತು. ಇಂಗ್ಲೆಂಡಿನ ಯಾರ್ಕ್‌ಷೈರಲ್ಲಿ ಟ್ಯಾಡ್‌ಕಾಸ್ಟರ್ ಅಂತ ಊರಿದೆ, ಅಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಅನ್ನೋ ಹಳೇ ಬ್ರೂವರಿಯೋರು ಈಗ್ಲೂ ಸ್ಲೇಟು ಕಲ್ಲಿನ ತೊಟ್ಟೀಲೇ ಬೀರು ಹುದುಗಿಸ್ತಾರೆ ಅಂತ ವೆಂಕಿ ಹೇಳಿದ. ನಾಣಿ ಅವನ ಬಾಯಿ ಮುಚ್ಚಿದ, "ಇವನೆದುರಿಗೆ ಕಲ್ಲು ಅನ್ಬೇಡ್ವೋ, ನಾಳೆ ಕ್ರೇನ್ ಬರತ್ತೆ" ಅಂತ. ಬೆಲ್ಜಿಯಂನಲ್ಲಿ ಲ್ಯಾಂಬಿಕ್ ಅನ್ನೋ ಬೀರು ಮಾಡೋರು ಯೀಸ್ಟನ್ನ ಹಾಕೋದೇ ಇಲ್ಲ, ಗಾಳೀಲಿರೋದು ತಾನಾಗೇ ಬಂದು ಬೀಳ್ಲಿ ಅಂತ ತೆರೆದಿಟ್ಟು, ಆಮೇಲೆ ಹಳೇ ಮರದ ಪೀಪಾಯಿಗೆ ತುಂಬ್ತಾರೆ, ಅಲ್ಲಿ ಜೇಡರ ಬಲೆ ಸಹ ತೆಗೆಯಲ್ವಂತೆ. "ಸೀತಮ್ಮನೋರನ್ನ ಒಂದ್ವಾರ ಅಲ್ಲಿ ಬಿಟ್ರೆ ಆ ಕಸುಬೇ ಮುಗೀತು" ಅಂದ ನಾಣಿ. ನಮ್ಮಲ್ಲಿ ಈಚಲ ಮರಕ್ಕೆ ಮಡಕೆ ಕಟ್ತಿದ್ರಲ್ಲ, ಅದೂ ಇದೇ ತಾನೇ, ಮರದ ಮೇಲೇ ಹುಳಿ ಶುರು, ಇಳಿಸೋ ಹೊತ್ತಿಗೆ ಬುರುಬುರು ಅಂತಿರತ್ತೆ, ಅದಕ್ಕೆ ಯಾರು ಹದಿನಾಲ್ಕು ಸಾಲಿನ ಶೀಟ್ ಮಾಡಿದ್ರು ಅಂತ ಕೇಳಿದ.

ಇಷ್ಟಕ್ಕೂ ನಾಣಿಗೆ ಬೀರಿನ ಮೇಲೆ ಸಿಟ್ಟಿಲ್ಲ. ಅವನ ಸಿಟ್ಟು ಬೇರೆ. ಹೋದ್ವರ್ಷ ಇದೇ ಗುಂಪು ಓಟ ಶುರು ಮಾಡ್ತು, ನಾಲ್ಕು ತಿಂಗಳು ಶೂ ನೋಡಿದ್ರು, ಐದನೇ ತಿಂಗಳು ಮಂಡಿ ನೋವು ಅಂತ ಬಿಟ್ರು, ಅದೂ ಅಂಗಡಿ ಸುತ್ತಿ ಬಂದ ನೋವು. ಅದಕ್ಕೆ ಮುಂಚೆ ಕಾಫಿ. ಗ್ರಾಂ ತಕ್ಕಡಿ ಇಟ್ಟು, ಟೈಮರ್ ಇಟ್ಟು, ಹಂಸದ ಕತ್ತಿನ ಕೆಟ್ಲು ಇಟ್ಟು ಕಿಟ್ಟಿ ಕೊಟ್ಟ ಕಾಫಿ ಕುಡಿದು ಸೀತಮ್ಮನೋರು "ಬಿಸಿನೀರು ಚೆನ್ನಾಗಿದೆ ಕಣಪ್ಪ" ಅಂದಿದ್ರು. "ಮಾಡೋಕೆ ಭಯ ಕಣ್ರೋ ನಮಗೆ. ಮಾಡಿದ್ರೆ ಕೆಡಬಹುದು, ಕೊಂಡ್ಕೊಂಡ್ರೆ ಕೆಡಲ್ಲ" ಅಂದ ನಾಣಿ. ಕಿಟ್ಟಿ ಉತ್ತರ ಕೊಡದೆ ಕೋನಿಕಲ್ಲಿನ ಕಡೆ ನೋಡಿದ. ನೋಡಿದವನು ಹಂಗೇ ನಿಂತ.

*ಗುಳುಕ್.*

"ಅದು ಏರ್‌ಲಾಕ್ ಸದ್ದು" ಅಂದ.

ಏರ್‌ಲಾಕ್ ಅಂದ್ರೆ ಮುಚ್ಚಳದ ತೂತಿಗೆ ಸಿಗಿಸೋ ಪುಟ್ಟ ಪ್ಲಾಸ್ಟಿಕ್ ಕೊಳವೆ, ಒಳಗೆ ಒಂಚೂರು ನೀರು, ಹುದುಗೋವಾಗ ಬರೋ ಗಾಳಿ ನೀರಿನ ಮೂಲಕ ಆಚೆ ಹೋಗತ್ತೆ, ಆಚೆ ಗಾಳಿ ಒಳಗೆ ಬರಲ್ಲ. ಬೀರು ಮಾಡೋರು ಈ ಸದ್ದಿಗೋಸ್ಕರ ನಿದ್ದೆ ಕೆಟ್ಟು ಕಾಯ್ತಾರಂತೆ. ಕಿಟ್ಟಿ ಪ್ರಾಕ್ಟೀಸಿಗೆ ಅಂತ ಹೋದ್ವಾರ ನೀರು ತುಂಬಿಟ್ಟಿದ್ದ. ವೆಂಕಿ ಫೋನ್ ತೆಗೆದು ಎಣಿಸಿದ, ಇಪ್ಪತ್ತು ಸೆಕೆಂಡಿಗೊಂದು. ಆರು ತಿಂಗಳಲ್ಲಿ ಮೊದಲ್ನೇ ಸಲ ಆ ಗ್ಯಾರೇಜಲ್ಲಿ ಏನೋ ಒಂದು ಜೀವಂತ ಇತ್ತು, ನಾಲ್ಕೂ ಜನ ಆ ಪಾತ್ರೆ ಸುತ್ತ ಉಸಿರು ಬಿಗಿಹಿಡಿದು ಬಗ್ಗಿ ನಿಂತ್ವಿ. ಕಿಟ್ಟಿ ಮೆಲ್ಲಗೆ ಕೆಳಗಿನ ನಲ್ಲಿ ತಿರುಗಿಸಿದ.

ದೋಸೆ ಹಿಟ್ಟು ಬಂತು.

"ಅಯ್ಯೋ ಚೆಲ್ಲಬೇಡ್ವೋ" ಅಂತ ಸೀತಮ್ಮನೋರು ಬಾಗಿಲಲ್ಲಿ. "ನಾಳೆ ಇಪ್ಪತ್ತು ಜನ ಬರ್ತಾರಲ್ಲ ಹಬ್ಬದೂಟಕ್ಕೆ, ತಿಂಡಿಗೆ ದೋಸೆ ಅಂದ್ಳು ಸುಧಾ. ಒಳಗೆ ಏಸಿ ಹಾಕ್ಕೊಂಡು ಕೂತಿರ್ತೀರಿ, ಹಿಟ್ಟು ಹುಳಿ ಬರೋದು ಹ್ಯಾಗೆ? ಇಲ್ಲಿ ಬೆಚ್ಚಗಿತ್ತು. ಪಾತ್ರೆನೂ ಚೆನ್ನಾಗಿದೆ, ಬಿಸಿನೀರು ಹಾಕಿ ತೊಳ್ಕೊಂಡೆ. ಮೇಲೊಂದು ಸೀಟಿ ಬೇರೆ ಇಟ್ಟಿದಾರೆ."

"ಎಷ್ಟು ಹಾಕಿದ್ರಿ ಅಮ್ಮ?" ವೆಂಕಿ ಕೇಳಿದ.

"ಅರ್ಧಕ್ಕೇ ನಿಲ್ಲಿಸ್ದೆ. ಉಬ್ಬತ್ತಲ್ಲಪ್ಪ."

ನಾಣಿ ವೆಂಕಿ ಮುಖ ನೋಡಿದ. ವೆಂಕಿ ಲ್ಯಾಪ್‌ಟಾಪ್ ಅರ್ಧ ಮುಚ್ಚಿದ.

"ಅಮ್ಮ, ಇದು ಬಾರ್ಲಿ ನೀರಿಗೆ ಅಂತ..." ಕಿಟ್ಟಿ ಶುರು ಮಾಡಿದ.

"ಬೀರು ಅಂತ ಹೇಳೋ, ಪರ್ವಾಗಿಲ್ಲ. ನಿಮ್ಮಪ್ಪ ತಿಪಟೂರಲ್ಲಿದ್ದಾಗ ನನಗೆ ಗೊತ್ತಾಗಲ್ಲ ಅಂತ ಏಲಕ್ಕಿ ಅಗೀತಾ ಬರೋರು." ಸೀತಮ್ಮನೋರು ನಲ್ಲಿ ಬಾಯಲ್ಲಿದ್ದ ಹಿಟ್ಟನ್ನ ಬೆರಳಲ್ಲಿ ತೆಗೆದು ಮೂಸಿ ನೋಡಿದ್ರು, "ಇನ್ನೂ ಎರಡು ಗಂಟೆ" ಅಂದ್ರು. "ನೀನು ಪಾತ್ರೆ ಪಾತ್ರೆ ಅಂತ ಒದ್ದಾಡೋದು ನೋಡಿದ್ರೆ ನಿಮ್ಮಪ್ಪ ಜಾಡಿ ತಂದಿದ್ದು ನೆನಪಾಗತ್ತೆ ಕಣೋ. ಸಂತೇಲಿ ಹತ್ತಿಪ್ಪತ್ತು ಜಾಡಿ ಜೋಡಿಸಿದ್ರು. ಇವರು ಒಂದೊಂದಕ್ಕೂ ಬೆರಳಲ್ಲಿ ತಟ್ಟಿ ಕಿವಿ ಇಟ್ಟು ಕೇಳಿದ್ರು, ಬಿರುಕಿದ್ರೆ ಸದ್ದು ಡಬ್ ಅನ್ನತ್ತೆ. ಹತ್ತು ನಿಮಿಷ ಅಷ್ಟೇ. ಭುಜ ಕಂದು, ಹೊಟ್ಟೆ ಬಿಳೀದು. ನೀನು ಹುಟ್ಟಕ್ಕೆ ಮುಂಚೆ. ನಲವತ್ತು ವರ್ಷ ಒಂದು ಸಲಾನೂ ಉಪ್ಪಿನಕಾಯಿ ಬೂಸ್ಟು ಹಿಡೀಲಿಲ್ಲ ಅದರಲ್ಲಿ."

"ಅಟ್ಟದ ಮೇಲಿತ್ತಲ್ಲ, ಬಟ್ಟೆ ಕಟ್ಟಿರೋರಿ" ಅಂದ ಕಿಟ್ಟಿ. "ನಾನು ಸ್ಟೂಲ್ ಹತ್ತಿ ಕದ್ದು ತಿಂದಿದ್ದೆ. ಒದ್ದೆ ಕೈ ಹಾಕಿದೆ ಅಂತ ಹೊಡೆದ್ರಲ್ಲ."

"ಹೊಡೀದೆ ಇರ್ತಾರಾ."

"ಈಗೆಲ್ಲಿದೆ ಅಮ್ಮ ಅದು?"

"ಮನೆ ಬಿಲ್ಡರಿಗೆ ಕೊಟ್ವಲ್ಲೋ. ಫೋನ್ ಮಾಡಿ ಕೇಳ್ದೆ, ಹಳೇ ಸಾಮಾನೆಲ್ಲಾ ತೆಗೆದುಹಾಕಿ, ಇಟ್ಕೊಂಡು ಏನ್ಮಾಡ್ತೀರಿ ಅಂದೆ ನೀನು. ಎದುರು ಮನೆಯೋರು ತಗೊಂಡ್ರು. ವೆರಾಂಡದಲ್ಲಿಟ್ಟು ಛತ್ರಿ ಹಾಕಿದಾರೆ ಅದಕ್ಕೆ. ಒಳ್ಳೇ ಜನ ಪಾಪ, ಒಡೆದಿಲ್ಲ."

ಯಾರೂ ಮಾತಾಡ್ಲಿಲ್ಲ. ನಾಣಿ ಸಹ. ಕಿಟ್ಟಿ ಕೋನಿಕಲ್ಲಿನ ಹೊಟ್ಟೆಗೆ ಬೆರಳಲ್ಲಿ ಒಂದ್ಸಲ ತಟ್ಟಿದ, ಹಿಟ್ಟು ತುಂಬಿದ ಸ್ಟೀಲು ಏನು ಸದ್ದು ಮಾಡತ್ತೆ, ಡಬ್ ಅಂತು.

ಆಮೇಲೆ ವಾಷಿಂಗ್ ಮಷೀನ್ ಹತ್ರ ಹೋಗಿ ಲ್ಯಾಪ್‌ಟಾಪ್ ತೆರೆದ. ಹದಿನೈದನೇ ಸಾಲು.

"ಅಮ್ಮ, ಎಷ್ಟು ಲೀಟರ್ ಇತ್ತು ಆ ಜಾಡಿ?"

"ಲೀಟರ್ ಯಾರಪ್ಪ ನೋಡ್ದೋರು. ನೂರು ಮಾವಿನಕಾಯಿ ಹಿಡಿಸ್ತಿತ್ತು."

ಅಳತೆ ಕಾಲಂನಲ್ಲಿ ನೂರು ಮಾವಿನಕಾಯಿ ಅಂತ ಟೈಪ್ ಮಾಡಿದ. ಬೆಲೆ, ತೂಕ ಖಾಲಿ ಬಿಟ್ಟ. ತೊಳೆಯೋ ಕಷ್ಟಕ್ಕೆ ಸೊನ್ನೆ ಹಾಕಿದ. ಸ್ಟಾಕ್ ಇದೆಯಾ ಅನ್ನೋ ಕಾಲಂ ಹತ್ರ ಬಂದು ಕರ್ಸರ್ ಮಿಣುಕ್ ಮಿಣುಕ್ ಅಂತ ನಿಂತಿತ್ತು, ಹಿಂದುಗಡೆ ಹಿಟ್ಟು ಇನ್ನೊಂದ್ಸಲ ಗುಳುಕ್ ಅಂತು, ಒಳಗಿಂದ ಸುಧಾ ಚಟ್ನಿಗೆ ಕಾಯಿ ಒಡೆದು ಕೊಡೋರು ಯಾರಾದ್ರೂ ಬರ್ತೀರಾ ಅಂತ ಕೂಗಿದ್ಳು.